ಸುಜಿ ಲಿಂಗ ತೆಗೆದಿಟ್ಟ ವರ್ಷ

ಕಳೆದ ತಿಂಗಳು ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ನಡೆದು ಬರುತ್ತಾ ನಾವು ಮೊದಲಿದ್ದ ಓಣಿಯ ಬಾಯಿ ಮುಟ್ಟಿದ್ದೇ ತಡ, ಶೇಂಗಾ ಹಿಂಡಿಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಓಣಿಯ ತುದಿಯ ಎಣ್ಣೆ ಮಿಲ್ಲು ಇನ್ನೂ ನಡೆಯುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಹಳೆಯ ವಾಸನೆ ಬಂದರೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರೆ. ನನಗೆ ಸಿಟ್ಟು ಬಂತು. ಆ ಮಿಲ್ಲಿನ ಹಿಂದಿನ ಮನೆಯಲ್ಲಿ, ಆ ವಾಸನೆಯಲ್ಲೇ ರೊಟ್ಟಿ ಬಡಿಯುತ್ತಾ, ನಾನು ಒಂದು ಇಡೀ ವರ್ಷ ಹಲ್ಲು ಕಚ್ಚಿಕೊಂಡು ಕಳೆದಿದ್ದೇನೆ.

ಗದಗ ಹೊಸ ಜಿಲ್ಲೆಯಾದ ವರ್ಷ ಅದು. ಲಕ್ಷ್ಮೇಶ್ವರ ಆಗ ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಇನ್ನು ಮೇಲೆ ಯಾವ ಕೆಲಸಕ್ಕೂ ಧಾರವಾಡಕ್ಕೆ ಓಡಬೇಕಾಗಿಲ್ಲ ಎಂದು ಊರಿನ ಗಂಡಸರು ಚಹಾದ ಅಂಗಡಿಗಳಲ್ಲಿ ಹಿಗ್ಗುತ್ತಿದ್ದರು. ನಮ್ಮ ಮನೆಯವರು ಬಸ್ಸಿನ ಕಂಡಕ್ಟರು. ಒಂದು ದಿನ ಮನೆ, ಒಂದು ದಿನ ಡ್ಯೂಟಿ. ಬಂದಾಗಲೆಲ್ಲ ಯಾವ ಆಫೀಸು ಎಲ್ಲಿ ಬಂತು, ಯಾವ ಬೋರ್ಡಿಗೆ ಹೊಸ ಬಣ್ಣ ಬಳಿದರು ಎಂಬ ಸುದ್ದಿಯನ್ನು ಬಾಯಿತುಂಬ ತರುತ್ತಿದ್ದರು. ಮನೆಯೊಳಗಿನ ಸುದ್ದಿ ಮಾತ್ರ ಅವರಿಗೆ ಬೇಕಿರಲಿಲ್ಲ.

ಶ್ರಾವಣ ಸೋಮವಾರ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹಸಿ ಕಟ್ಟಿಗೆಯ ಹೊಗೆ. ನಾನು ಒಲೆಯ ಮುಂದಿದ್ದೆ. ಮಗಳು ಸುಜಾತಾ ಜಳಕ ಮಾಡಿ ಬಂದು, ದೇವರ ಜಗಲಿಯ ಮುಂದೆ ನಿಂತು, ಕೊರಳೊಳಗಿನ ಲಿಂಗದ ಕರಡಿಗೆಯನ್ನು ಬಿಚ್ಚಿ ದೇವರ ಪಕ್ಕದಲ್ಲಿಟ್ಟಳು. ಅವಳಿಗಾಗ ಹದಿನೈದು, ಎಸ್ಸೆಸ್ಸೆಲ್ಸಿ. ಪೂಜೆಗೆ ತೆಗೆದಳೇನೋ ಎಂದುಕೊಂಡೆ. ಅವಳು ಒಲೆಯ ಬಳಿ ಬಂದು ಕುಕ್ಕರಗಾಲಿನಲ್ಲಿ ಕುಳಿತಳು.

"ಅವ್ವಾ, ಅದನ್ನ ನಾ ಇನ್ನ ಕಟ್ಟಿಕೊಳ್ಳೂದಿಲ್ಲ."

"ಯಾಕ, ದಾರ ಹರದೈತೇನು?"

"ದಾರ ಗಟ್ಟಿ ಐತಿ. ನನಗ ದೇವರ ಮ್ಯಾಲೆ ನಂಬಿಕಿ ಇಲ್ಲ."

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಏನಾಯಿತು, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ, ಯಾರಾದರೂ ಅಂಜಿಸಿದರೇ ಎಂದು ಕೇಳಿದೆ. ಎಲ್ಲದಕ್ಕೂ ಒಂದೇ ಉತ್ತರ. "ಯಾರೂ ಏನೂ ಅಂದಿಲ್ಲ. ನಾನ ವಿಚಾರ ಮಾಡಿದೆ."

ಆ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಬೇನೆ ಬಂದು ದೇವರ ಮೇಲೆ ಮುನಿದಳು ಎಂದರೆ ಮದ್ದು ಕೊಡಿಸಬಹುದು. ದುಃಖವಾಗಿ ಮುನಿದಳು ಎಂದರೆ ಸಮಾಧಾನ ಮಾಡಬಹುದು. ಉಂಡು ತಿಂದು ಆರಾಮ ಇದ್ದ ಹುಡುಗಿ, ವಿಚಾರ ಮಾಡಿ ದೇವರಿಲ್ಲ ಎಂದರೆ ತಾಯಿ ಎನ್ನಿಸಿಕೊಂಡವಳು ಏನು ಮಾಡಬೇಕು? "ಶಾಲಿಗೆ ಹೊತ್ತಾತು, ಏಳು" ಎಂದೆ. ಸಂಜೆಯೊಳಗೆ ಮರೆಯುತ್ತಾಳೆ ಎಂದುಕೊಂಡಿದ್ದೆ.

ಮರೆಯಲಿಲ್ಲ. ಮರುದಿನ ಅತ್ತೆಗೆ ಗೊತ್ತಾಯಿತು. ನನ್ನ ಅತ್ತೆ ಗಂಗವ್ವ ಲಿಂಗಪೂಜೆ ಆಗದೆ ಗುಟುಕು ನೀರು ಗಂಟಲಿಗೆ ಇಳಿಸದ ಹೆಂಗಸು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಮ್ಮ ಕಡೆ ಅದನ್ನು ಮೋತಿಬಿಂದು ಎನ್ನುತ್ತೇವೆ. ಮಂಜು ಮಂಜಾಗಿ ಅಷ್ಟಿಷ್ಟು ಕಾಣುತ್ತಿತ್ತು. ಆಕೆಗೆ ನೀರು ಕೊಡುವವಳು, ಹಿತ್ತಲಿಗೆ ಕೈಹಿಡಿದು ಕರೆದೊಯ್ಯುವವಳು, ಸಂಜೆ ಕುಳಿತು ಪುರಾಣ ಓದಿ ಹೇಳುವವಳು ಎಲ್ಲ ಸುಜಿಯೇ. ಆ ದಿನವೂ ಸುಜಿ ನೀರಿನ ತಂಬಿಗೆ ಹಿಡಿದು ಬಾಗಿದಾಗ ಅತ್ತೆ ರೂಢಿಯಂತೆ ಮೊಮ್ಮಗಳ ಕೊರಳು ಸವರಿದರು. ಕೈ ಅಲ್ಲೇ ನಿಂತಿತು.

"ಲಿಂಗ ಎಲ್ಲೈತಿ?"

"ಜಗಲಿ ಮ್ಯಾಲೆ ಐತಿ ಆಯಿ. ನಾ ಕಟ್ಟಿಕೊಳ್ಳೂದಿಲ್ಲ."

ಅತ್ತೆ ಕೂಗಲಿಲ್ಲ, ಅಳಲಿಲ್ಲ. ತಂಬಿಗೆಯನ್ನು ಅತ್ತ ಸರಿಸಿದರು. "ಹಂಗಾದ್ರ ನೀ ಭವಿ ಆದಿ. ಭವಿ ಕೈಯಾಗಿನ ನೀರು ನಾ ಕುಡಿಯೂದಿಲ್ಲ. ಶಾಂತಾ, ನೀ ತಂದ ಕೊಡು" ಎಂದು ನನ್ನನ್ನು ಕರೆದರು. ಲಿಂಗ ಇಲ್ಲದವರನ್ನು ನಮ್ಮ ಹಿರಿಯರು ಭವಿ ಎನ್ನುತ್ತಿದ್ದರು. ಸ್ವಂತ ಮೊಮ್ಮಗಳಿಗೆ ಅತ್ತೆ ಆ ಶಬ್ದ ಅಂದದ್ದು ಅದೇ ಮೊದಲು.

ಆ ದಿನ ಅತ್ತೆ ಉಣ್ಣಲಿಲ್ಲ. ಹುಡುಗಿ ಲಿಂಗ ಕಟ್ಟಿಕೊಂಡರೆ ಉಣ್ಣುತ್ತೇನೆ ಎಂದು ಗೋಡೆಗೆ ಆತು ಕುಳಿತರು. ಸುಜಿ ಹೋಗಿ ಎದುರಿನ ಗೋಡೆಗೆ ಆತು ಕುಳಿತಳು. "ಆಯಿ ಉಣ್ಣಲಾರದ ನಾ ಹೆಂಗ ಉಣ್ಲಿ?" ಎಂದಳು. ಲಿಂಗವನ್ನು ಮಾತ್ರ ಮುಟ್ಟಲಿಲ್ಲ. ಒಬ್ಬರು ದೇವರಿದ್ದಾನೆಂದು ಉಪವಾಸ, ಇನ್ನೊಬ್ಬರು ಇಲ್ಲವೆಂದು ಉಪವಾಸ. ನಡುವೆ ನಾನು, ಒಂದು ಬುಟ್ಟಿ ರೊಟ್ಟಿ, ಒಂದು ಪಾತ್ರೆ ಬದನೆಕಾಯಿ ಪಲ್ಯ. ಸಾಕಾಗಿ ಹೋಯಿತು. ಇಬ್ಬರ ಮುಂದೆಯೇ ತಾಟು ಇಟ್ಟುಕೊಂಡು ಹೊಟ್ಟೆತುಂಬ ಉಂಡೆ. ಮರುದಿನ ಮಧ್ಯಾಹ್ನ ಹುಡುಗಿಯ ಮುಖ ಬಾಡಿದ್ದನ್ನು ಯಾರೋ ಹೇಳಿದ ಮೇಲೆ ಅತ್ತೆ, "ಪರೀಕ್ಷಾ ಕೂಸು, ಅದಕ್ಕ ಉಣ್ಣಾಕ ಹೇಳು, ನಾನೂ ಉಣ್ತೀನಿ" ಎಂದರು. ಉಂಡದ್ದೇನೋ ಆಯಿತು. ನೀರಿನ ಕಟ್ಟಳೆ ಮಾತ್ರ ಸಡಿಲಲಿಲ್ಲ. ಸುಜಿ ನೀರಿನ ಹರವಿಯ ಪಕ್ಕದಲ್ಲೇ ಕುಳಿತಿದ್ದರೂ ನಾನು ಹಿಟ್ಟಿನ ಕೈ ತೊಳೆದು ಎದ್ದು ಬಂದು ಅತ್ತೆಗೆ ನೀರು ಕೊಡಬೇಕು. ಪುರಾಣವೂ ನಿಂತಿತು. ಓದುತ್ತೇನೆ ಬಾ ಎಂದು ಸುಜಿ ಕರೆದರೆ, "ನಂಬಲಾರದ ಬಾಯಿಲೆ ಓದಬ್ಯಾಡ" ಎಂದುಬಿಟ್ಟರು.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ನಸೀಮಾ ಎಂದು ನನಗೆ ಅನುಮಾನ. ನಮ್ಮಿಬ್ಬರ ಮನೆಗೂ ಒಂದೇ ನಡುಗೋಡೆ. ನಸೀಮಾಳ ಅಪ್ಪ ಗಾದಿ ಹೊಲಿಯುತ್ತಿದ್ದ, ತಾಯಿ ಖೈರೂನ್ ನನ್ನ ಗೆಳತಿ. ಹುಡುಗಿಯರಿಬ್ಬರೂ ಒಂದೇ ಬೆಂಚು, ಓದುವುದೂ ನಮ್ಮ ಪಡಸಾಲೆಯಲ್ಲಿ ಒಟ್ಟಿಗೆ. ಹಿತ್ತಲ ಗೋಡೆಯ ಬಳಿ ಖೈರೂನಳನ್ನು ಕರೆದು, "ನಿನ್ನ ಮಗಳು ನಮ್ಮ ಹುಡುಗಿ ತಲಿ ಕೆಡಿಸ್ಯಾಳ" ಎನ್ನಲು ಬಾಯಿ ತೆರೆದೆ. ಆಕೆ ನನಗಿಂತ ಮೊದಲೇ ಶುರು ಮಾಡಿದಳು.

"ಅಕ್ಕಾ, ನಿಮ್ಮ ಸುಜಿಗೆ ಸ್ವಲ್ಪ ಬುದ್ಧಿ ಹೇಳ್ರಿ. ನಮ್ಮ ಹುಡುಗಿ ನಮಾಜ್ ಬಿಟ್ಟಾಳ. ಕೇಳಿದ್ರ ವಿಚಾರ ಮಾಡಾಕ ಹತ್ತೀನಿ ಅಂತಾಳ!"

ಅರ್ಧ ತಾಸು ಜಗಳಾಡಿದೆವು. ನಿನ್ನ ಮಗಳು, ನಿಮ್ಮ ಮಗಳು. ಬಾಯಿ ದಣಿದ ಮೇಲೆ ಖೈರೂನ್ ಗೋಡೆಯ ಮೇಲೆ ಮೊಣಕೈ ಊರಿ ಹೇಳಿದಳು, "ನಿನ್ನೆ ಏನ ಕೇಳಿದ್ಲು ಗೊತ್ತೈತೇನ್ ಅಕ್ಕಾ? ಅಮ್ಮಿ, ನಾ ಆ ಮನ್ಯಾಗ ಹುಟ್ಟಿದ್ರ ಲಿಂಗ ಕಟ್ಟಿಕೊಂತಿದ್ದೆ, ಸುಜಿ ಈ ಮನ್ಯಾಗ ಹುಟ್ಟಿದ್ರ ನಮಾಜ್ ಮಾಡ್ತಿದ್ಲು. ನಡುವ ಒಂದ ಗೋಡಿ. ಹಂಗಾದ್ರ ಖರೆ ಯಾವುದು ಅಂತ ಕೇಳಿದ್ಲು. ನಾ ಏನ ಹೇಳ್ಲಿ?"

"ಏನ ಹೇಳಿದಿ?"

"ಹೋಗಿ ಬಾಂಡೆ ತಿಕ್ಕು ಅಂದೆ."

ಅಂದಿನಿಂದ ನಾವಿಬ್ಬರೂ ಒಂದಾದೆವು. ದೇವರ ವಿಷಯದಲ್ಲಿ ಹುಡುಗಿಯರದು ಒಂದು ಪಕ್ಷ, ನಮ್ಮದು ಒಂದು ಪಕ್ಷ. ನಮಗೆ ವಾದ ಬರುತ್ತಿರಲಿಲ್ಲ. ಬರುವವರನ್ನು ಹುಡುಕಿಕೊಂಡು ಹೊರಟೆವು.

ಮೊದಲು ನಮ್ಮ ಮನೆಯವರು. ಗಣಿತದ ಮಾಸ್ತರರಂತೆ ಮಗಳನ್ನು ಎದುರಿಗೆ ಕೂರಿಸಿಕೊಂಡು, "ಲೇ ಸುಜಿ, ನಂಬೂದ ಬಿಡು, ಸುಮ್ಮನ ಕಟ್ಟಿಕೋ. ನಮ್ಮ ಡಿಪೋದಾಗ ಎಷ್ಟ ಮಂದಿ ಕೊರಳಾಗ ಲಿಂಗ ಐತಿ, ಯಾರ ನಂಬ್ಯಾರ?" ಎಂದರು.

"ಅದಕ್ಕ ಅಪ್ಪಾ ನಾ ಬ್ಯಾಡ ಅನ್ನೂದು" ಎಂದಳು. ಅವರು ನನ್ನ ಕಡೆ ನೋಡಿ, ನಾಳೆ ಬೆಳಗಿನ ಡ್ಯೂಟಿ ಇದೆ ಎಂದು ಎದ್ದು ಹೋದರು.

ಶಾಲೆಯ ವಿಜ್ಞಾನದ ಮಾಸ್ತರರು ವಯಸ್ಸು ಎಂದರು. ನನ್ನ ನಾದಿನಿ ಮುಂಡರಗಿಯಿಂದ ತಾಯಿತ ಮಾಡಿಸಿ ತಂದಳು. ಲಿಂಗ ಒಲ್ಲದವಳಿಗೆ ತಾಯಿತ! ಖೈರೂನ್ ತನ್ನ ಮಗಳನ್ನು ಹಿರಿಯರೊಬ್ಬರ ಬಳಿ ಕರೆದೊಯ್ದು, ಪ್ರಾರ್ಥನೆ ಓದಿ ಊದಿದ ನೀರು ತೆಗೆದುಕೊಂಡು ಬಂದಳು. ನಸೀಮಾ ಮರುಮಾತಿಲ್ಲದೆ ಆ ನೀರು ಕುಡಿದು, ಮತ್ತೆ ಪುಸ್ತಕ ಹಿಡಿದು ನಮ್ಮ ಪಡಸಾಲೆಗೆ ಬಂದಳು.

ಕೊನೆಗೆ, ಜೋಳ ಬಿತ್ತುವ ದಿನಗಳಲ್ಲಿ, ಮುಳಗುಂದದ ಕಡೆಯ ಒಂದು ಹಳ್ಳಿಯ ಮಠಕ್ಕೆ ಸುಜಿಯನ್ನು ಕರೆದುಕೊಂಡು ಹೋದೆ. ಬಸ್ಸು ಇಳಿದ ಮೇಲೆ ಎರೆ ಹೊಲದ ದಾರಿ. ಹೆಜ್ಜೆಗೊಮ್ಮೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಅಲ್ಲಿಯ ಅಜ್ಜನವರು ನಮ್ಮ ಮನೆತನಕ್ಕೆ ಮೊದಲಿನಿಂದ ಗುರುಗಳು, ಸುಜಿಗೆ ಲಿಂಗ ಕಟ್ಟಿದವರೂ ಅವರೇ. ನಾನು ಕಾಲಿಗೆರಗಿ ಎಲ್ಲ ಹೇಳಿಕೊಂಡೆ. ಅವರು ಹುಡುಗಿಯನ್ನು ಕೇಳಿದರು.

"ಸುಳ್ಳ ಹೇಳ್ತೀಯೇನವಾ?"

"ಇಲ್ರಿ ಅಜ್ಜಾರ."

"ಓದ್ತೀಯೇನು? ಮನ್ಯಾಗ ಕೆಲಸ ಮಾಡ್ತೀಯೇನು?"

"ಎರಡೂ ಮಾಡ್ತೀನ್ರಿ."

ಅಜ್ಜನವರು ನನ್ನತ್ತ ತಿರುಗಿದರು. "ಹಂಗಾದ್ರ ಇಷ್ಟ ದೂರ ಯಾಕ ಕರಕೊಂಡ ಬಂದಿ ತಾಯಿ?"

ಅಷ್ಟರಲ್ಲಿ ಸುಜಿ, ಕೈ ಮುಗಿದುಕೊಂಡೇ, "ಅಜ್ಜಾರ, ನಿಮಗ ಒಮ್ಮೆನೂ ಸಂಶೆ ಬಂದಿಲ್ಲೇನ್ರಿ?" ಎಂದು ಕೇಳಿಬಿಟ್ಟಳು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅಜ್ಜನವರು ಅವಳ ಮುಖವನ್ನೇ ನೋಡಿದರು. ಆಮೇಲೆ, "ಪ್ರಸಾದಕ್ಕ ಹೊತ್ತಾತು. ಉಂಡ ಹೋಗ್ರಿ" ಎಂದರು.

ಬಸ್ಸಿನಲ್ಲಿ ಬರುವಾಗ ಹುಡುಗಿಗೆ ಖುಷಿಯೋ ಖುಷಿ. "ನೋಡಿದೇನವ್ವಾ, ಅಜ್ಜಾರು ಸುಳ್ಳ ಹೇಳಲಿಲ್ಲ" ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ. ಅವರು ಸುಳ್ಳು ಹೇಳಲಿಲ್ಲ, ಇವಳೂ ಸುಳ್ಳು ಹೇಳುವುದಿಲ್ಲ. ಮನೆಗೆ ಹೋಗಿ ಅತ್ತೆಯ ಮುಂದೆ ಸುಳ್ಳು ಹೇಳಬೇಕಾದವಳು ನಾನು. "ಪರೀಕ್ಷಾ ಮುಗೀಲಿ ಅಂದ್ರು ಅತ್ತಿ" ಎಂದು ಹೇಳಿದೆ.

ಚಳಿಗಾಲದಲ್ಲಿ ರಮಜಾನ್ ಬಂತು. ನಸೀಮಾ ರೋಜಾ ಹಿಡಿದಳು, ನಮಾಜನ್ನೂ ಮತ್ತೆ ಶುರು ಮಾಡಿದಳು. ಖೈರೂನಳಿಗೆ ಹೋದ ಜೀವ ಬಂದಂತಾಯಿತು. ಆದರೆ ನಮ್ಮ ಪಡಸಾಲೆಯಲ್ಲಿ ಜಗಳ ಹತ್ತಿತು.

"ನಂಬಿಕಿ ಇಲ್ಲ ಅಂದಿದ್ದಿ. ಈಗ ಉಪವಾಸ ಯಾಕ? ಸುಳ್ಳಿ ನೀ" ಎಂದಳು ಸುಜಿ.

"ನಮ್ಮ ಅಮ್ಮಿ ಅಳ್ತಾಳ ಸುಜಿ. ನಿನಗೇನು, ನಿಮ್ಮವ್ವ ಬರೇ ಬೈತಾಳ" ಎಂದಳು ನಸೀಮಾ. ಪುಸ್ತಕ ಮಡಚಿಕೊಂಡು ಎದ್ದು ಹೋದಳು.

ಬರೇ ಬೈಯುತ್ತೇನಂತೆ! ಎಲ್ಲರೂ ಅಳುತ್ತಾ ಕುಳಿತರೆ ಆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಹುಡುಗಿಯರು ಮಾತು ಬಿಟ್ಟರು. ಪರೀಕ್ಷೆ ಹತ್ತಿರ ಬರುತ್ತಿತ್ತು. ಒಬ್ಬಳಿಗೆ ಗಣಿತ ಬರುತ್ತಿರಲಿಲ್ಲ, ಇನ್ನೊಬ್ಬಳಿಗೆ ಇಂಗ್ಲಿಷು ಬರುತ್ತಿರಲಿಲ್ಲ. ದೇವರು ಇರಲಿ ಬಿಡಲಿ, ಇವರಿಬ್ಬರೂ ಕೂಡಿ ಕುಳಿತರೆ ಸಾಕು ಎಂದು ನಾನೂ ಖೈರೂನೂ ಗೋಡೆಯ ಬಳಿ ನಿಂತು ನಿಟ್ಟುಸಿರು ಬಿಟ್ಟೆವು.

ಅದೇ ದಿನಗಳಲ್ಲಿ ಅತ್ತೆಯ ಬಲಗಣ್ಣು ಪೂರ್ತಿ ಕಾಣದಂತಾಯಿತು. ಗದಗಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಮನೆಯವರಿಗೆ ಅಂದು ಡ್ಯೂಟಿ. ಇರದೆ ಎಲ್ಲಿಗೆ ಹೋಗುತ್ತದೆ! ಅತ್ತೆಯ ಒಂದು ರಟ್ಟೆ ನಾನು ಹಿಡಿದೆ, ಇನ್ನೊಂದನ್ನು ಸುಜಿ. ಗದಗ ಮುಟ್ಟುವವರೆಗೂ ಅತ್ತೆ ಅವಳೊಡನೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರು ಬಂದು, ಕಿವಿ, ಕೊರಳು, ಕೈಯಲ್ಲಿ ಇದ್ದುದನ್ನೆಲ್ಲ ತೆಗೆಯಬೇಕು ಎಂದರು. ಅತ್ತೆ ಬೆಂಡೋಲೆ ತೆಗೆದರು, ಬಳೆ ತೆಗೆದರು. ಲಿಂಗದ ಕರಡಿಗೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡರು.

"ಇದನ್ನ ತಗಿಯೂದಿಲ್ಲ. ಇದು ಬಿಟ್ಟ ಮ್ಯಾಲೆ ನನ್ನ ಜೀವ ಇರಬಾರದು. ಕಣ್ಣ ಬ್ಯಾಡ ನನಗ, ಮನಿಗೆ ನಡೀರಿ."

ಸಿಸ್ಟರು ನಿಯಮ ಎಂದರು. ಡಾಕ್ಟರರು ಬಂದರು. ಮುಖದ ಹತ್ತಿರ ಏನೂ ಇರಬಾರದು, ಇವತ್ತು ಬಿಟ್ಟರೆ ಮುಂದೆ ಯಾವಾಗ ಆಗುತ್ತದೋ ಹೇಳಲು ಬರುವುದಿಲ್ಲ ಎಂದರು. ಅವರದೂ ತಪ್ಪಲ್ಲ. ನಾನು ಅತ್ತೆಯ ಕಾಲ ಬಳಿ ಕುಳಿತು, "ಒಂದ ತಾಸಿನ ಮಾತು ಅತ್ತಿ, ನನ್ನ ಕೈಯಾಗ ಹಿಡಕೊಂಡಿರ್ತೀನಿ" ಎಂದು ಬೇಡಿಕೊಂಡೆ. ಆಕೆ ಆಗಲೇ ಚಪ್ಪಲಿಗಾಗಿ ಕಾಲಿನಿಂದ ತಡಕಾಡುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಕೊರಳಲ್ಲಿ ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ!

ಆಗ ಸುಜಿ ಡಾಕ್ಟರರ ಮುಂದೆ ಹೋಗಿ ನಿಂತಳು.

"ಸರ್, ಮುಖದ ಹತ್ರ ಇರಬಾರದು ಅಂದ್ರಿ. ಕೈಗೆ ಕಟ್ಟಿದ್ರ ನಡಿತೈತೇನ್ರಿ?"

"ಸುಮ್ಮನ ತಗದಿಡಾಕ ಹೇಳಮ್ಮಾ ನಿಮ್ಮ ಅಜ್ಜಿಗೆ. ನೀ ಕಲ್ತ ಹುಡುಗಿ."

"ಆಕಿ ತಗಿಯೂದಿಲ್ರಿ. ತಗಸಲೂಬಾರದು. ಆಕಿ ನಂಬ್ಯಾಳ. ಕಣ್ಣ ಬ್ಯಾಡ ಅನ್ನೂವಷ್ಟು ನಂಬ್ಯಾಳ. ನೀವ ಹೆಂಗ ತೊಳಿ ಅಂತೀರಿ ಹಂಗ ತೊಳದು, ನಿಮ್ಮ ಬಟ್ಟಿಲೇ ಸುತ್ತಿ ಕಟ್ತೀನಿ. ಕೈ ಅಲ್ಲಾಡದಂಗ ಹಿಡ್ಕೋ ಅಂತ ಹೇಳ್ತೀನಿ."

ಡಾಕ್ಟರರು ಸಿಸ್ಟರ ಮುಖ ನೋಡಿದರು. ಕಡೆಗೆ ಎಡಗೈ ಮುಷ್ಟಿಯಲ್ಲಿ ಹಿಡಿದು, ಮೇಲೆ ಆಸ್ಪತ್ರೆಯ ಬಟ್ಟೆ ಸುತ್ತಿ ಕಟ್ಟಬಹುದು, ಕೈ ಚಾದರದ ಕೆಳಗೇ ಇರಬೇಕು ಎಂದರು. ಲಿಂಗವನ್ನು ಮುಟ್ಟುವುದು ನನ್ನ ಕೆಲಸವೆಂದು ನಾನು ಮುಂದೆ ಬಂದು ಬಟ್ಟೆ ತೆಗೆದುಕೊಂಡೆ. ಸುಜಿ ತಾನಾಗಿಯೇ ಹಿಂದೆ ಸರಿದಳು. ಅತ್ತೆ ನನ್ನ ಬೆರಳು ಮುಟ್ಟಿ ನೋಡಿದರು.

"ನೀ ಬ್ಯಾಡ. ನಿನ್ನ ಕೈ ನಡಗಾಕ ಹತ್ಯಾವ" ಎಂದು ಮುಷ್ಟಿಯನ್ನು ಅತ್ತ ಚಾಚಿದರು. "ಸುಜಿ, ಬಿಗಿಯಾಗಿ ಕಟ್ಟು."

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ನಾನು ಮಗಳನ್ನು ಬೆಂಚಿನ ಮೇಲೆ ಹಿಡಿದು ಕೂರಿಸಿದೆ. "ನಿಂದು ತಗದ ಇಟ್ಟಿ. ಆಯಿದು ಇರಲಿ ಅಂತ ಡಾಕ್ಟರ್ ಮುಂದ ವಾದ ಮಾಡಿದಿ. ಇದು ಯಾವ ಊರ ವಿಚಾರನ?"

"ಎರಡೂ ಒಂದ ವಿಚಾರ ಅವ್ವಾ. ಆಯಿಗೆ ಅದು ಖರೆ, ಅದಕ್ಕ ಇರಬೇಕು. ನನಗ ಖರೆ ಅಲ್ಲ, ಅದಕ್ಕ ಇರಬಾರದು."

ಮುಂಜಾನೆಯಿಂದ ಏನೂ ತಿಂದಿಲ್ಲ, ಹೋಗಿ ತಿಂದು ಬಾ ಎಂದು ಗದರಿಸಿ ಕಳಿಸಿದೆ.

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅತ್ತೆ ಹೊರಗೆ ಬಂದಾಗ ಮುಷ್ಟಿ ಹಾಗೆಯೇ ಬಿಗಿದಿತ್ತು. ನೀರು ಬೇಕೆಂದರು. ಸುಜಿ ಹತ್ತಿರವಿದ್ದಳು, ಕೊಟ್ಟಳು. ಯಾರ ಕೈ ಎಂದು ಅತ್ತೆ ಕೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಎಂದು ಮಾತ್ರ ನಾನು ನಂಬುವುದಿಲ್ಲ.

ಊರಿಗೆ ಬಂದ ಮೇಲೆ ಸುಜಿ ಪಕ್ಕದ ಮನೆಗೆ ಹೋಗಿ ನಸೀಮಾಳೊಡನೆ ಮಾತಾಡಿದಳು. "ನಿಮ್ಮ ಅಮ್ಮಿ ಸಲುವಾಗಿ ನೀ ರೋಜಾ ಹಿಡದ್ರ ಅದು ಸುಳ್ಳಲ್ಲ, ನಾ ತಪ್ಪ ಅಂದೆ" ಎಂದಳಂತೆ. ಮರುದಿನದಿಂದ ಪಡಸಾಲೆಯಲ್ಲಿ ಮತ್ತೆ ಎರಡು ತಲೆಗಳು, ಒಂದು ಗಣಿತ, ಒಂದು ಇಂಗ್ಲಿಷು. ನಸೀಮಾ ಇವತ್ತು ಐದೂ ಹೊತ್ತು ನಮಾಜು ಮಾಡುತ್ತಾಳೆ. ತಾಯಿಗಾಗಿ ಅಲ್ಲ, ಖೈರೂನ್ ತೀರಿಕೊಂಡು ಎಷ್ಟೋ ವರ್ಷವಾಯಿತು. ವಿಚಾರ ಮಾಡಿಯೇ ಮಾಡುತ್ತೇನೆ ಎನ್ನುತ್ತಾಳೆ. ಸುಜಿ ಗದಗಿನಲ್ಲಿ ಕಾಲೇಜಿನಲ್ಲಿ ಕಲಿಸುತ್ತಾಳೆ, ಅವಳ ಕೊರಳು ಇವತ್ತಿಗೂ ಬರಿದು. ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಇದೇ ವಾದ ಮಾಡುತ್ತಾರೆ. ನನಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ಅತ್ತೆ ಸೋತರು ಎಂದು ತಿಳಿಯಬೇಡಿ. ಕಣ್ಣು ಕಾಣತೊಡಗಿದ ಮೇಲೆ ಮೊಮ್ಮಗಳ ಬರಿಗೊರಳನ್ನು ದಿನವೂ ನೋಡಿ ದಿನವೂ ಗೊಣಗುತ್ತಿದ್ದರು. ಪುರಾಣ ಮಾತ್ರ ಮತ್ತೆ ಅವಳಿಂದಲೇ ಓದಿಸಿಕೊಂಡರು. ನಾನು ಕಾರಣ ಕೇಳಿದರೆ, "ನೀ ಓದಿದ್ರ ನಿದ್ದಿ ಬರತೈತಿ" ಎಂದರು.

ಪರೀಕ್ಷೆಯ ಮೊದಲ ದಿನ. ಬೇಸಿಗೆ ಹತ್ತಿ, ಬೆಳಗಿನಲ್ಲೇ ಬಿಸಿಗಾಳಿ. ಸುಜಿ ಮೊಸರು ಸಕ್ಕರೆ ತಿಂದು, ಆಯಿಯ ಕಾಲಿಗೆ ನಮಸ್ಕಾರ ಮಾಡಿದಳು. ಅತ್ತೆ ಅವಳ ತಲೆ ಸವರಿ, "ನಿಧಾನ ಬರಿ" ಎಂದರು. ದೇವರ ಹೆಸರು ಎತ್ತಲಿಲ್ಲ. ಬಾಗಿಲಲ್ಲಿ ನಸೀಮಾ ಕಾಯುತ್ತಿದ್ದಳು. ಇಬ್ಬರೂ ಓಣಿಯ ತಿರುವು ದಾಟುವವರೆಗೆ ಅತ್ತೆ ಹೊಸ ಕಣ್ಣಿನಿಂದ ನೋಡುತ್ತಾ ನಿಂತರು. ನಾನು ಒಳಗೆ ಬಂದು ಹಾಲು ಕಾಯಿಸಲು ಇಟ್ಟೆ. ಅತ್ತೆ ಹಿಂದೆಯೇ ಬಂದರು.

"ಆ ಹುಡುಗಿ ನಂಬಿಲ್ಲ. ಅದು ಗೊತ್ತಾತು. ನಾ ನಂಬೀನಿ. ಶಾಂತಾ, ನೀ?"

"ಏನ್ ಅತ್ತಿ?"

"ದಿನಾ ಪೂಜಾ ಮಾಡ್ತಿ, ಲಿಂಗ ಕಟ್ಟಿಕೊಂಡಿ. ನೀ ನಂಬೀಯೇನು?"

ಆ ವರ್ಷವೆಲ್ಲ ನಾನು ಎಲ್ಲರ ಬಳಿಗೆ ಓಡಾಡಿದ್ದೆ, ಎಲ್ಲರನ್ನೂ ಕೇಳಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ವಿಚಾರ ಮಾಡಾಕ ನನಗ ಹೊತ್ತರೆ ಎಲ್ಲಿತ್ತು ಅತ್ತಿ? ನಿಮ್ಮ ನೀರು, ಆಕಿ ರೊಟ್ಟಿ, ಅವರ ಡ್ಯೂಟಿ. ಯಾವಾಗ ಮಾಡ್ಲಿ?"

ಇಷ್ಟು ಜೋರಾಗಿ ನಾನು ಅತ್ತೆಯ ಎದುರು ಎಂದೂ ಮಾತಾಡಿರಲಿಲ್ಲ. ಆಕೆ ಬೈಯಲಿಲ್ಲ. ಒಲೆಯ ಮುಂದಿನ ಮಣೆಯನ್ನು ಕಾಲಿನಿಂದ ತಮ್ಮತ್ತ ಎಳೆದುಕೊಂಡು ಕುಳಿತರು.

"ಈಗ ಮಾಡು ಹೋಗು. ಹಾಲ ನಾ ನೋಡ್ಕೊಂತೀನಿ."

ನಾನು ಹೋಗಿ ಹಿತ್ತಲ ಕಟ್ಟೆಯ ಮೇಲೆ ಕುಳಿತೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಹಾಲು ಉಕ್ಕಿ ಬೆಂಕಿಯ ಮೇಲೆ ಚೆಲ್ಲಿದ ಸದ್ದು ಕೇಳಿತು. ನಾನು ಏಳಲಿಲ್ಲ.